ಶನಿವಾರ-ಭಾನುವಾರಕ್ಕೆ ಬೆಂಗಳೂರಿಂದ ರೈಲು: ಊರಿಗಿಂತ ಮೊದಲು ಗಾಡಿ ನೋಡಿ

ನೀವು ಕೇಳಿದ್ದು ಇಷ್ಟು: ಬೆಂಗಳೂರಿಗೆ ಹೊಸಬರು, ಕಾರಿಲ್ಲ, ಬಿಡುವು ಶನಿವಾರ-ಭಾನುವಾರ ಮಾತ್ರ. ಜೊತೆಗೆ ಅರವತ್ತು ದಾಟಿದ ಅಮ್ಮ. ಅವರಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ, ಮೊಣಕಾಲು ನೋವೂ ಇದೆ. ರೈಲಿನಲ್ಲೇ ಹೋಗಿ ಬರುವಂಥ ಬೆಟ್ಟದ ಊರು, ಹಳೆಯ ಊರು ಯಾವುವು ಅಂತ.

ಬೇಕಾದಷ್ಟಿವೆ. ಆದರೆ ಮೊದಲು ಊರು ಗೊತ್ತು ಮಾಡಿಕೊಂಡು ಆಮೇಲೆ ರೈಲು ಹುಡುಕಬೇಡಿ. ಮೊದಲು ಗಾಡಿ ನೋಡಿ. ನಿಮಗೆ ಆಗಿಬರುವುದು ಎರಡೇ ಥರ. ಒಂದು, ಬೆಳಿಗ್ಗೆ ಹೊರಟು ಮೂರು ಗಂಟೆಯೊಳಗೆ ತಲುಪಿಸಿ, ಸಂಜೆ ವಾಪಸ್ ಬರಲು ಅನುಕೂಲ ಇರುವುದು. ಇನ್ನೊಂದು, ಶುಕ್ರವಾರ ರಾತ್ರಿ ಹತ್ತಿ ಮಲಗಿದರೆ ಶನಿವಾರ ಬೆಳಗಾಗುವಾಗ ಇಳಿಸುವುದು. ಮಧ್ಯಾಹ್ನ ಹೊರಟು ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಸ್ಟೇಷನ್‌ನಲ್ಲಿ ಬಿಡುವ ಗಾಡಿ ಅಮ್ಮನ ಜೊತೆ ಬೇಡವೇ ಬೇಡ. ಸ್ಟೇಷನ್‌ನಿಂದ ಊರಿಗೆ ಎಷ್ಟು ದೂರ ಅನ್ನುವುದನ್ನೂ ನೋಡಿ. ರೈಲು ಪ್ರವಾಸ ಸಾಮಾನ್ಯವಾಗಿ ಕೆಡುವುದು ಆ ಕೊನೆಯ ಹತ್ತು ಹದಿನೈದು ಕಿಲೋಮೀಟರಿನಲ್ಲೇ.

ಹಾಗೆ ನೋಡಿದರೆ ಮೊದಲ ಸಲಕ್ಕೆ ನಾನು ಹೇಳುವುದು ಶ್ರೀರಂಗಪಟ್ಟಣ. ಎಲ್ಲರೂ ಮೈಸೂರಿಗೆ ಹೋಗಿ ಅಂತಾರೆ. ಮೈಸೂರಿಗೆ ಒಂದು ದಿನ ಸಾಲದು, ಅಲ್ಲಿ ಉಳಿಯಬೇಕು. ಶ್ರೀರಂಗಪಟ್ಟಣದಲ್ಲಿ ಸ್ಟೇಷನ್ ಇರುವುದೇ ಕೋಟೆಯ ಒಳಗೆ. ಇಳಿದು ನಿಧಾನಕ್ಕೆ ನಡೆದರೂ ರಂಗನಾಥಸ್ವಾಮಿ ದೇವಸ್ಥಾನ ಹತ್ತಿರವೇ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗವೂ ಅಲ್ಲೇ ಆಸುಪಾಸು, ಒಂದು ಕಲ್ಲು ನೆಟ್ಟು ಗುರುತು ಮಾಡಿದ್ದಾರೆ. ಸ್ಟೇಷನ್ ಹತ್ತಿರದ ಹಳೆಯ ಮದ್ದಿನ ಮನೆಯನ್ನು (ಸಿಡಿಮದ್ದು ಇಡುತ್ತಿದ್ದ ಕಟ್ಟಡ) ಮಾತ್ರ ತಪ್ಪಿಸಬೇಡಿ. ಮೈಸೂರು ಸಾಲಿಗೆ ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಈ ಕಟ್ಟಡ ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಸ್ವಲ್ಪ ಸ್ವಲ್ಪವೇ ಸರಿಸಿ, ನೂರು ಮೀಟರಿಗೂ ಆಚೆ ಕೂರಿಸಿದರು. ನೋಡಲು ದಪ್ಪ ಗೋಡೆಯ ಸಣ್ಣ ಕಟ್ಟಡ ಅಷ್ಟೇ. ಆದರೆ ನಾವು ಬಂದ ರೈಲಿಗಾಗಿ ಅದು ಜಾಗ ಬಿಟ್ಟುಕೊಟ್ಟಿದೆ ಅಂತ ಗೊತ್ತಾದ ಮೇಲೆ ನನಗೆ ಅದರ ಮೇಲೆ ತುಂಬಾ ಅಕ್ಕರೆ.

ಅಲ್ಲಿಂದ ಆಟೊ ಮಾಡಿಕೊಂಡು ದರಿಯಾ ದೌಲತ್‌ಗೆ ಹೋಗಿ. 1784ರ ಮರದ ಅರಮನೆ, ಗೋಡೆ ತುಂಬಾ ಬಣ್ಣದ ಚಿತ್ರ. 1780ರ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಆನೆ, ಕುದುರೆ, ತುಪಾಕಿ ಹಿಡಿದ ಸಾಲು ಸಾಲು ಸಿಪಾಯಿಗಳು, ಮಧ್ಯೆ ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ. ಹತ್ತುವ ಮೆಟ್ಟಿಲು ಕಡಿಮೆ, ಮರದ ನೆರಳು ಜಾಸ್ತಿ. ಅಮ್ಮನಿಗೆ ಆಯಾಸ ಆಗುವುದಿಲ್ಲ. ಹೋಗುವಾಗ ಮದ್ದೂರು ಬಂದರೆ ವಡೆ ಮಾರುವವರು ಗಾಡಿಯೊಳಗೇ ಬರುತ್ತಾರೆ. ಬಿಸಿ ಇರಲಿ ಬಿಡಲಿ, ಈರುಳ್ಳಿ ಹಾಕಿದ ಆ ಗರಿಗರಿ ವಡೆ ತಿನ್ನದೆ ಈ ಸಾಲಿನಲ್ಲಿ ಹೋಗಬಾರದು. ಒಂದು ಮಾತು: ಮೈಸೂರು ಗಾಡಿಗಳೆಲ್ಲ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಯಾವುದು ಅಂತ ನೋಡಿಯೇ ಟಿಕೆಟ್ ತಗೊಳ್ಳಿ.

ಬೆಟ್ಟ ಅಂದಕೂಡಲೇ ನಂದಿ ಬೆಟ್ಟ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಭಾನುವಾರ ಬೆಳಗಿನ ಜಾವ ಅಲ್ಲಿ ವಾಹನಗಳ ಸಾಲು ನೋಡಿದರೆ ಸಾಕಾಗುತ್ತದೆ. ಅದರ ಬದಲು ಚಿಕ್ಕಬಳ್ಳಾಪುರದ ಕಡೆ ಹೋಗುವ ಲೋಕಲ್ ಗಾಡಿ ಹಿಡಿದು ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ. ಹಿಂದೆ ಸಣ್ಣ ಗೇಜಿನ ಗಾಡಿ ಓಡುತ್ತಿದ್ದ ಕಾಲದ ಹೆಂಚಿನ ಸ್ಟೇಷನ್‌ಗಳು ಇವು. ಹಾಲ್ಟ್‌ನಿಂದ ಬೆಟ್ಟದ ಬುಡದ ನಂದಿ ಗ್ರಾಮಕ್ಕೆ ಹೋದರೆ ಭೋಗನಂದೀಶ್ವರ ದೇವಸ್ಥಾನ. 9ನೇ ಶತಮಾನದಿಂದ ಒಂದೊಂದು ರಾಜರ ಕಾಲದಲ್ಲೂ ಬೆಳೆಯುತ್ತಾ ಬಂದದ್ದು. ಮಧ್ಯದ ಉಮಾಮಹೇಶ್ವರ ಗುಡಿಯ ಮುಂದೆ ಕರಿಕಲ್ಲಿನ ಕಲ್ಯಾಣ ಮಂಟಪ ಇದೆ. ಕಂಬದ ಮೇಲಿನ ಬಳ್ಳಿ, ಗಿಳಿಗಳನ್ನು ಕೈ ಇಡುವಷ್ಟು ಹತ್ತಿರದಿಂದ ನೋಡಬಹುದು (ಕೈ ಇಡಬೇಡಿ). ಪಕ್ಕದಲ್ಲಿ ಶೃಂಗಿ ತೀರ್ಥ ಅನ್ನುವ ಕಲ್ಯಾಣಿ, ನಾಲ್ಕೂ ಕಡೆ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಸುಮ್ನೆ ಕೂತರೂ ಎದುರಿಗೆ ಬೆಟ್ಟ ಕಾಣುತ್ತದೆ. ಆದರೆ ಈ ಸಾಲಿನಲ್ಲಿ ಗಾಡಿ ಕಡಿಮೆ, ಭಾನುವಾರ ಓಡುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಇನ್ನು ನಿಜವಾದ ಬೆಟ್ಟ. ಮೊಣಕಾಲು ನೋವಿರುವವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಗಿಂತ ಒಳ್ಳೆಯದು ಇಲ್ಲವೇ ಇಲ್ಲ ಅನ್ನುತ್ತೇನೆ ನಾನು. ಇಲ್ಲಿ ನೋಡಬೇಕಾದ್ದು ಊರಲ್ಲ, ಹಳಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ರೈಲಿಗೆ ಇದು ವಿಪರೀತ ಇಳಿಜಾರು. ಅದಕ್ಕೇ ಮೇಲೆ ಹತ್ತುವ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಹಾಕುತ್ತಾರೆ, ಇಳಿಯುವ ಗಾಡಿಯ ಬ್ರೇಕ್ ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಇಡೀ ಘಾಟಿಯಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರ್ ದಾಟುವುದಿಲ್ಲ. ಹಾಗಾಗಿ ಎರಡು ಗಂಟೆಗೂ ಮೇಲೆ ಕಿಟಕಿ ಬಿಟ್ಟು ಏಳುವ ಮನಸ್ಸೇ ಬರುವುದಿಲ್ಲ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಹೀಗೆ ಕಾಡಿನ ನಡುವೆ ಸ್ಟೇಷನ್‌ಗಳು. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ಒಟ್ಟಿಗೇ ಕೂಗುತ್ತಾರೆ. ಹೊರಗೆ ಬಂದರೆ ಕೆಳಗೆ ಹಳ್ಳ, ಕಲ್ಲಿನ ಗೋಡೆಯಿಂದ ತೊಟ್ಟಿಕ್ಕುವ ನೀರು, ಬ್ರೇಕ್ ಕಾದ ವಾಸನೆ. ಗೋಡೆಗೆ ಒರಗಿ ನಿಂತು ಗಾಡಿಗೆ ದಾರಿ ಬಿಡುವ ಗ್ಯಾಂಗ್‌ಮನ್‌ಗಳು ಕಾಣುತ್ತಾರೆ. ಮಳೆಯಲ್ಲೂ ರಾತ್ರಿಯಲ್ಲೂ ಈ ಹಳಿಯನ್ನು ನಡೆದು ನೋಡಿಕೊಳ್ಳುವವರು ಅವರು. ನಾನು ಅವರಿಗೆ ಯಾವಾಗಲೂ ಕೈ ಬೀಸುತ್ತೇನೆ, ನೀವೂ ಬೀಸಿ.

ಮೊದಲು ಹೇಳಿದ ಎರಡು ಥರಕ್ಕೂ ಇದು ಸೇರುವುದಿಲ್ಲ, ಇದಕ್ಕೆ ಹಗಲು ಗಾಡಿಯೇ ಆಗಬೇಕು. ರಾತ್ರಿ ಗಾಡಿಗಳು ಘಾಟಿ ದಾಟುವುದು ಕತ್ತಲಲ್ಲಿ, ಏನೂ ಕಾಣುವುದಿಲ್ಲ. ಯಶವಂತಪುರದಿಂದ ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವ ಗಾಡಿಗೆ ವಾರದ ಬೇರೆ ಬೇರೆ ದಿನ ಬೇರೆ ಬೇರೆ ನಂಬರು. ಶನಿವಾರದ್ದು ನಿಮ್ಮ ತಾರೀಕಿಗೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. 2021ರಿಂದ ಈ ಸಾಲಿನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ದುಡ್ಡು ಜಾಸ್ತಿ, ಆರಾಮ. ಆದರೂ ನನಗೆ ಗಾಳಿ ಬರುವ ಮಾಮೂಲಿ ಕಿಟಕಿಯೇ ಇಷ್ಟ. ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿದರೆ ಕುಕ್ಕೆಗೆ ಜೀಪು, ಬಸ್ಸು ಸಿಗುತ್ತವೆ. ರಾತ್ರಿ ಅಲ್ಲೇ ಉಳಿದು, ಭಾನುವಾರದ ಹಗಲು ಗಾಡಿಗೆ ವಾಪಸ್ ಬರುವಾಗ ಘಾಟಿ ಹತ್ತುವುದನ್ನೂ ನೋಡಬಹುದು. ಜೋರು ಮಳೆಯ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಮುಂಚಿತವಾಗಿ ಯೋಜನೆ ಹಾಕಬೇಡಿ. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಇಲ್ಲಿ ರೈಲು ನಿಂತುಹೋಗಿತ್ತು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹಸಿರೂ ಇರುತ್ತದೆ, ಭಯವೂ ಕಡಿಮೆ. ಹಳಿ ಮೇಲೆ ಟ್ರೆಕ್ಕಿಂಗ್ ಮಾಡೋಣ ಅಂತ ಯಾರಾದರೂ ಕರೆದರೆ ಹೋಗಬೇಡಿ. ಅದಕ್ಕೆ ಅನುಮತಿ ಇಲ್ಲ. ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವೂ ಇಲ್ಲ.

ರಾತ್ರಿ ಗಾಡಿಗಳಲ್ಲಿ ನನ್ನ ಮೆಚ್ಚಿನದು ತಾಳಗುಪ್ಪ ಎಕ್ಸ್‌ಪ್ರೆಸ್. ಮೈಸೂರಿಂದ ಬರುವ ಗಾಡಿ ಮೆಜೆಸ್ಟಿಕ್ (ಟಿಕೆಟ್ಟಿನಲ್ಲಿ ಕೆಎಸ್‌ಆರ್ ಬೆಂಗಳೂರು) ಬಿಡುವುದು ರಾತ್ರಿ ಹನ್ನೊಂದರ ಆಸುಪಾಸು. ಎಚ್ಚರ ಆಗುವ ಹೊತ್ತಿಗೆ ಶಿವಮೊಗ್ಗ ದಾಟಿ, ಕಿಟಕಿಯಾಚೆ ಅಡಿಕೆ ತೋಟ, ಮಂಜು. ಎಲ್ಲರೂ ಕೊನೆಯ ಸ್ಟೇಷನ್ ತಾಳಗುಪ್ಪಕ್ಕೆ ಹೋಗಿ, ಅಲ್ಲಿಂದ ಹತ್ತಿರದ ಜೋಗ ನೋಡಿ ವಾಪಸ್ ಬರುತ್ತಾರೆ. ನೀವು ಅದಕ್ಕೂ ಮೊದಲು ಸಾಗರದಲ್ಲಿ ಇಳಿಯಿರಿ (ಸ್ಟೇಷನ್ ಹೆಸರು ಸಾಗರ ಜಂಬಗಾರು). ಉಳಿಯಲು ಲಾಡ್ಜ್ ಸಿಗುತ್ತವೆ, ಊಟ ಚೆನ್ನಾಗಿದೆ. ಶನಿವಾರ ಬೆಳಿಗ್ಗೆ ಇಕ್ಕೇರಿ, ಕೆಳದಿ. ಎರಡೂ ಸಾಗರಕ್ಕೆ ತೀರಾ ಹತ್ತಿರ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನೆಲದಲ್ಲಿ ದೇವರಿಗೆ ಅಡ್ಡಬಿದ್ದ ನಾಯಕರ ಆಕೃತಿಗಳನ್ನು ಕೆತ್ತಿದ್ದಾರೆ. ಕೆಳದಿಯಲ್ಲಿ ತಲೆ ಎತ್ತಿ ಚಾವಣಿ ನೋಡಿ, ಗಂಡಭೇರುಂಡ ಇದೆ. ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮನ ಊರಿದು. ಹಂಪಿಗೆ ಸಾವಿರಾರು ಜನ ಹೋಗುತ್ತಾರೆ, ಇಲ್ಲಿ ಎಷ್ಟೋ ಸಲ ಅರ್ಚಕರು ಮತ್ತು ನಾವು ಮಾತ್ರ. ಬೇಜಾರಾಗುತ್ತದೆ ನನಗೆ. ದಯವಿಟ್ಟು ಹೋಗಿ.

ಭಾನುವಾರ ಜೋಗ. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಅನ್ನುವ ನಾಲ್ಕು ಧಾರೆ ಬೀಳುವುದನ್ನು ಮೇಲಿನಿಂದಲೇ ನೋಡಿ. ಕೆಳಗೆ ಇಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಅಮ್ಮನಿಗೆ ಬೇಡ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಿಗೆ ಹೋಗುವುದರಿಂದ ಬೇಸಿಗೆಯಲ್ಲಿ ಬರೀ ಬಂಡೆ ಕಾಣುತ್ತದೆ. ಮಳೆಗಾಲ ಮುಗಿಯುತ್ತಾ ಬಂದಾಗ ಹೋಗಿ. ರಾತ್ರಿ ಅದೇ ಗಾಡಿಗೆ ಹತ್ತಿದರೆ ಸೋಮವಾರ ಬೆಳಗಿನ ಜಾವ ಬೆಂಗಳೂರು, ಆಫೀಸಿಗೂ ಹೋಗಬಹುದು.

ಹಂಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ, ಅಲ್ಲಿಂದ ಹಂಪಿ 13 ಕಿಲೋಮೀಟರ್. ನವೆಂಬರ್‌ನಿಂದ ಫೆಬ್ರುವರಿ ಬಿಟ್ಟು ಬೇರೆ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬೇಡಿ, ಬಂಡೆಯ ಬಿಸಿ ತಡೆಯಲು ಆಗುವುದಿಲ್ಲ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರದ ತಲೆಕೆಳಗಾದ ನೆರಳನ್ನು ಗೋಡೆ ಮೇಲೆ ಮೂಡಿಸುತ್ತದೆ. ಅದನ್ನು ಕೇಳಿ ನೋಡಿ.

ನನ್ನನ್ನು ಕೇಳಿದರೆ ಹಂಪಿಗಿಂತ ಮೊದಲು ಬಾದಾಮಿ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಸಂಜೆ ಹೊರಟು ಮರುದಿನ ಬೆಳಿಗ್ಗೆ ಬಾದಾಮಿಯಲ್ಲಿ ಬಿಡುತ್ತದೆ. ಸ್ಟೇಷನ್ ಊರಿಂದ ಹೊರಗೆ, ಆಟೊ ಸಿಗುತ್ತದೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಹಾಕಿಸಿದ 578ರ ಶಾಸನ ಇದೆ. ಗುಹೆಗೆ ಮೆಟ್ಟಿಲುಂಟು, ಅಮ್ಮನಿಗೆ ಕಷ್ಟ ಅನ್ನಿಸಿದರೆ ಅಗಸ್ತ್ಯ ಕೆರೆಯ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ನಡೆದರೂ ಸಾಕು. ಪಟ್ಟದಕಲ್ಲು ಮಾತ್ರ ಸಮತಟ್ಟು. ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಸ್ಥಾನ ಅಲ್ಲಿದೆ. ಐಹೊಳೆಯನ್ನೂ ಸೇರಿಸಿದರೆ ಎರಡು ದಿನ ತುಂಬಿಹೋಗುತ್ತದೆ. ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನಿ. ಇದಕ್ಕೆ ಸೋಮವಾರ ಒಂದು ರಜೆ ಹಾಕುವುದು ಒಳ್ಳೆಯದು.

ರೈಲಿನಲ್ಲಿ ಬೇಡ ಅನ್ನುವ ಊರೂ ಇವೆ. ಮಡಿಕೇರಿಗೆ ರೈಲೇ ಇಲ್ಲ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು, ಆದರೆ ಗಾಡಿ ಕಡಿಮೆ, ಬೆಟ್ಟಕ್ಕೆ ಹೇಗೂ ಜೀಪು ಬೇಕು. ಊಟಿಯ ಪುಟ್ಟ ರೈಲು ನೋಡಲೇಬೇಕಾದ್ದು ನಿಜ, ಆದರೆ ಅದು ಹೊರಡುವುದು ಮೆಟ್ಟುಪಾಳಯದಿಂದ, ಬೆಳಿಗ್ಗೆ. 46 ಕಿಲೋಮೀಟರ್ ಹತ್ತಲು ಐದು ಗಂಟೆ ಹತ್ತಿರ. ಸೀಟು ಸಿಗುವುದೂ ಕಷ್ಟ. ಉದ್ದ ರಜೆಗೆ ಇಟ್ಟುಕೊಳ್ಳಿ.

ಟಿಕೆಟ್ ವಿಷಯ. ಬುಕಿಂಗ್ ತೆರೆಯುವುದು 60 ದಿನ ಮೊದಲು. ಶುಕ್ರವಾರ ರಾತ್ರಿಯ ಗಾಡಿಗಳು ಬೇಗ ತುಂಬುತ್ತವೆ, ಹಬ್ಬದ ವಾರ ಇನ್ನೂ ಬೇಗ. ತತ್ಕಾಲ್ ಆದರೆ ಹಿಂದಿನ ದಿನ ಎಸಿಗೆ ಹತ್ತು ಗಂಟೆಗೆ, ಸ್ಲೀಪರ್‌ಗೆ ಹನ್ನೊಂದಕ್ಕೆ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ. ನಿಮ್ಮ ಹೆಸರನ್ನೂ ಅದೇ ಟಿಕೆಟ್ಟಿಗೆ ಸೇರಿಸಿದರೆ ಅದು ಸಿಗುವುದಿಲ್ಲ. ಆದ್ದರಿಂದ ಅಮ್ಮನ ಟಿಕೆಟ್ ಬೇರೆ ಮಾಡಿ. ನಿಮ್ಮ ಬರ್ತ್ ದೂರ ಬಂದರೆ ಪಕ್ಕದವರನ್ನು ಕೇಳಿ, ಅಮ್ಮ ಇದ್ದಾರೆ ಅಂದರೆ ಬಹಳ ಜನ ಬದಲಾಯಿಸಿಕೊಳ್ಳುತ್ತಾರೆ. ಗಾಡಿ ಯಾವ ಸ್ಟೇಷನ್‌ನಿಂದ ಅಂತ ಎರಡು ಸಲ ಓದಿ. ಮೆಜೆಸ್ಟಿಕ್, ಯಶವಂತಪುರ, ಕಂಟೋನ್ಮೆಂಟ್, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್, ಎಲ್ಲ ಬೇರೆ ಬೇರೆ. ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಮೆಟ್ರೊ ಇಳಿದ ಮೇಲೂ ಆಟೊ ಬೇಕು.

ಯಾವ ತಿಂಗಳಲ್ಲಿ ಹೊರಡುತ್ತೀರಿ, ಅಮ್ಮನಿಗೆ ಎಷ್ಟು ಮೆಟ್ಟಿಲು ಹತ್ತಲು ಆಗುತ್ತದೆ ಅಂತ ಬರೆಯಿರಿ. ಅದಕ್ಕೆ ತಕ್ಕಂತೆ ಎರಡು ದಿನದ ಓಡಾಟ ಹೇಗೆ ಅಂತ ನಾನೇ ಬರೆದುಕೊಡುತ್ತೇನೆ.