ಕಾಟಾ ಒಂದೇ, ಕಂಪ್ಯೂಟರ್ ಎರಡು ಥರ

ಪ್ರಶ್ನೆ: ಸರ್, ಕಲಬುರಗಿಯ ಒಂದು ದಾಲ್‌ಮಿಲ್ಲಿಗೆ ಲಾರಿ ಕಾಟಾದ ತೂಕ ಓದುವ ಪ್ರೋಗ್ರಾಂ ಬರೆದಿದ್ದೇನೆ. ಭಾಷೆ ಗೋ. ಗೇಟಿನಲ್ಲಿ ವಿಂಡೋಸ್ ಇದೆ, ಆಫೀಸಿನಲ್ಲಿ ಲಿನಕ್ಸ್. ಪೋರ್ಟ್ (ಕಾಟಾದ ಕೇಬಲ್ ಸೇರುವ ಜಾಗ) ತೆರೆಯುವ ಕಡೆ ಇಫ್, ಅಂದರೆ 'ವಿಂಡೋಸ್ ಆದರೆ ಹೀಗೆ, ಲಿನಕ್ಸ್ ಆದರೆ ಹಾಗೆ' ಅನ್ನುವ ಷರತ್ತು, ಹಾಕಿ ಎರಡನ್ನೂ ಬೇರೆ ಮಾಡಿದೆ. ಆದರೂ ಲಿನಕ್ಸ್‌ನಲ್ಲಿ ಕಂಪೈಲ್ ಆಗುತ್ತಿಲ್ಲ, ಅಂದರೆ ಓಡಿಸುವ ರೂಪಕ್ಕೇ ಬರುತ್ತಿಲ್ಲ. ಯಾಕೆ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಇಫ್ ಕೆಲಸ ಮಾಡುವುದು ಪ್ರೋಗ್ರಾಂ ಓಡುವಾಗ. ಅದಕ್ಕೂ ಮೊದಲೇ ಕಂಪೈಲರ್ ಎರಡೂ ಕಡೆಯ ಸಾಲು ಓದುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಇರುವ ಫಂಕ್ಷನ್ (ಹೆಸರಿಟ್ಟ ಕೋಡ್ ತುಂಡು) ಲಿನಕ್ಸ್‌ನಲ್ಲಿ ಸಿಗಲಿಲ್ಲ ಅಂದರೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಫೈಲನ್ನೇ ಬೇರೆ ಮಾಡಬೇಕು.

ಗೋದಲ್ಲಿ ಇದಕ್ಕೆ ಫೈಲಿನ ಹೆಸರೇ ಸಾಕು. ಪೋರ್ಟ್_ವಿಂಡೋಸ್.ಗೋ, ಪೋರ್ಟ್_ಲಿನಕ್ಸ್.ಗೋ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೆಸರಿಡಿ. ಆಯಾ ಸಿಸ್ಟಂಗೆ ಆಯಾ ಫೈಲ್ ಮಾತ್ರ ಸೇರುತ್ತದೆ. ಎರಡರಲ್ಲೂ ಫಂಕ್ಷನ್ ಹೆಸರು ಒಂದೇ ಇರಲಿ. ಒಂದು ಕಾಮ್3 (ವಿಂಡೋಸ್‌ನಲ್ಲಿ ಪೋರ್ಟಿನ ಹೆಸರು) ತೆರೆಯಲಿ, ಇನ್ನೊಂದು ಟಿಟಿವೈಯುಎಸ್‌ಬಿ0 (ಲಿನಕ್ಸ್‌ನಲ್ಲಿ ಪೋರ್ಟಿನ ಹೆಸರು) ತೆರೆಯಲಿ.

ಆ ಫೈಲುಗಳಲ್ಲಿ ಅಷ್ಟೇ ಇರಬೇಕು, ಇದನ್ನು ಒತ್ತಿ ಹೇಳುತ್ತೇನೆ. ನಾನೂ ಇಂಥದೇ ಕೆಲಸ ಒಪ್ಪಿಕೊಂಡಿದ್ದೆ. ಖಾಲಿ ಲಾರಿ ತೂಕ ಕಳೆಯುವ ಲೆಕ್ಕವನ್ನೂ ಎರಡೂ ಫೈಲಿನಲ್ಲಿ ಬರೆದಿಟ್ಟಿದ್ದೆ. ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೆ, ಒಂದು ತಪ್ಪನ್ನು ಲಿನಕ್ಸ್ ಫೈಲಿನಲ್ಲಿ ಮಾತ್ರ ತಿದ್ದಿದೆ. ಮರುದಿನ ಗೇಟಿನ ಚೀಟಿಯ ತೂಕ ಒಂದು, ಆಫೀಸಿನ ಲೆಕ್ಕ ಇನ್ನೊಂದು. ಹಿಂದೆ ಲಾರಿಗಳ ಸಾಲು. ರೈತರೊಬ್ಬರು ಚೀಟಿ ಹಿಡಿದು ಬಂದು, "ಇದರೊಳಗ ನನ್ನ ತೂಕ ಯಾವುದ್ರೀ?" ಅಂತ ಕೇಳಿದರು. ವರ್ಷದ ಬೆಳೆ ಅದು. ಅಂದು ರಾತ್ರಿಯೇ ಲೆಕ್ಕವನ್ನೆಲ್ಲ ತೂಕ.ಗೋ ಅನ್ನುವ ಒಂದೇ ಫೈಲಿಗೆ ತಂದೆ. ಪೋರ್ಟ್ ಫೈಲುಗಳಲ್ಲಿ ಉಳಿದದ್ದು ಮೂವತ್ತು ಮೂವತ್ತು ಸಾಲು.

ಇನ್ನೊಂದು ಮಾತು. ಲಿನಕ್ಸ್, ಮ್ಯಾಕ್ ಎರಡೂ ಯೂನಿಕ್ಸ್ ಬಳಗದವು ಅಂತ ಎರಡಕ್ಕೂ ಸೇರಿಸಿ ಪೋರ್ಟ್_ಯೂನಿಕ್ಸ್.ಗೋ ಅಂತ ಹೆಸರಿಟ್ಟರಷ್ಟೇ ನಡೆಯಲ್ಲ. ಗೋ ಆ ಹೆಸರನ್ನು ಗುರುತಿಸುವುದಿಲ್ಲ, ವಿಂಡೋಸ್‌ನಲ್ಲೂ ಅದನ್ನು ಸೇರಿಸಿಕೊಂಡು 'ಇದೇ ಫಂಕ್ಷನ್ ಎರಡು ಸಲ ಇದೆ' ಅಂತ ದೂರುತ್ತದೆ. ಅಂಥ ಫೈಲಿನ ಮೇಲ್ಗಡೆ, 'ಪ್ಯಾಕೇಜ್' ಪದದಿಂದ ಶುರುವಾಗುವ ಸಾಲಿಗಿಂತ ಮೊದಲು, //ಗೋ:ಬಿಲ್ಡ್ ಯೂನಿಕ್ಸ್ ಅಂತ ಬರೆದು ಕೆಳಗೆ ಒಂದು ಸಾಲು ಖಾಲಿ ಬಿಡಿ. ಎರಡು ಗೆರೆ ಆದಮೇಲೆ ಜಾಗ ಬಿಡಬೇಡಿ, ಬಿಟ್ಟರೆ ಅದು ಸುಮ್ನೆ ಕಾಮೆಂಟ್, ಅಂದರೆ ಕಂಪೈಲರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ, ಆಗುತ್ತದೆ. ಇದಕ್ಕೆ ಗೋದ 2022ರ 1.19 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು.

ಏನೇ ತಿದ್ದಿದರೂ ನಿಮ್ಮ ಲಿನಕ್ಸ್ ಮಷೀನಿನಲ್ಲೇ ಜಿಒಒಎಸ್=ವಿಂಡೋಸ್ ಗೋ ಬಿಲ್ಡ್ ಅಂತ ಒಮ್ಮೆ ಓಡಿಸಿ. ಸಿ ಭಾಷೆಯ ಲೈಬ್ರರಿ (ಸಿದ್ಧ ಕೋಡ್) ಸೇರಿಸಿಲ್ಲ ಅಂದರೆ ಅಲ್ಲೇ ವಿಂಡೋಸ್‌ಗೂ ಕಂಪೈಲ್ ಆಗುತ್ತದೆ. ಪೋರ್ಟ್ ನಿಜಕ್ಕೂ ತೆರೆಯುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಗೇಟಿಗೇ ಹೋಗಿ, ಕೇಬಲ್ ಹಾಕಿ, ಒಂದು ಲಾರಿ ನಿಲ್ಲಿಸಿ ನೋಡಬೇಕು. ರಾಶಿ ಶುರುವಾಗುವ ಮೊದಲೇ ಹೋಗಿ ಬನ್ನಿ.