ಲೆನ್ಸ್ ಗಾಜಿನ ವಕ್ರೀಭವನ ಸೂಚ್ಯಂಕವನ್ನು (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.51680 ಅಂತ ಐದು ದಶಮಾಂಶದವರೆಗೆ ಅಳೆಯೋದು ಹೇಗೆ? ಅಷ್ಟು ನಿಖರತೆ ಯಾಕೆ ಬೇಕು?

ಗಾಜನ್ನು ಪ್ರಿಸಂ ಆಕಾರಕ್ಕೆ ತಂದು, ಅದು ಬೆಳಕನ್ನು ಎಷ್ಟು ಡಿಗ್ರಿ ಬಾಗಿಸುತ್ತದೆ ಅಂತ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುತ್ತಾರೆ. ಪ್ರಿಸಂನ ಕೋನ, ಬೆಳಕು ಬಾಗಿದ ಕೋನ, ಇವೆರಡು ಸಿಕ್ಕರೆ ಸೂಚ್ಯಂಕ ಲೆಕ್ಕಕ್ಕೆ ಸಿಗುತ್ತದೆ.

ಗುಟ್ಟಿರುವುದು ಪ್ರಿಸಂ ತಿರುಗಿಸುವುದರಲ್ಲಿ. ಸ್ಪೆಕ್ಟ್ರೋಮೀಟರ್‌ನ ದೂರದರ್ಶಕದಲ್ಲಿ ನೋಡುತ್ತಾ ಪ್ರಿಸಂ ಇಟ್ಟ ಮೇಜನ್ನು ಮೆಲ್ಲಗೆ ತಿರುಗಿಸಿ. ಬೆಳಕಿನ ಗೆರೆ ಒಂದು ಕಡೆ ಸರಿಯುತ್ತಾ ಹೋಗಿ, ಒಂದು ಕಡೆ ನಿಂತು, ವಾಪಸ್ ಹೊರಡುತ್ತದೆ. ನಿಂತ ಜಾಗವೇ ಕನಿಷ್ಠ ವಿಚಲನೆ, ಅಂದರೆ ಬೆಳಕು ಅತಿ ಕಡಿಮೆ ಬಾಗುವ ಸ್ಥಿತಿ. ಅಲ್ಲಿ ಪ್ರಿಸಂ ಚೂರು ಆಚೀಚೆ ಆದರೂ ಗೆರೆ ಹೆಚ್ಚುಕಮ್ಮಿ ಅಲುಗಾಡುವುದಿಲ್ಲ. ಹಾಗಾಗಿ ಕೈಯ ತಪ್ಪು ಲೆಕ್ಕಕ್ಕೆ ನುಸುಳುವುದು ತುಂಬಾ ಕಡಿಮೆ. ಎನ್-ಬಿಕೆ7 (ಸೂಚ್ಯಂಕ 1.51680 ಇರುವ ಲೆನ್ಸ್ ಗಾಜು) ಗಾಜಿನ 60 ಡಿಗ್ರಿ ಪ್ರಿಸಂ ಇಟ್ಟರೆ ಗೆರೆ ಸುಮಾರು 38.6 ಡಿಗ್ರಿಯಲ್ಲಿ ನಿಲ್ಲುತ್ತದೆ.

ಈ 1.51680 ಹೀಲಿಯಂ ದೀಪದ ಹಳದಿ ಬೆಳಕಿಗೆ ಮಾತ್ರ. ಅದೇ ಗಾಜು ಹೈಡ್ರೋಜನ್ ದೀಪದ ಕೆಂಪಿಗೆ 1.51432, ನೀಲಿಗೆ 1.52238 ತೋರಿಸುತ್ತದೆ. ವ್ಯತ್ಯಾಸ ಮೂರನೇ ದಶಮಾಂಶದಲ್ಲೇ ಶುರು, ಅಲ್ವಾ? ಕ್ಯಾಮೆರಾ ಚಿತ್ರದ ಅಂಚಲ್ಲಿ ಬಣ್ಣ ಒಸರಲು ಇಷ್ಟೇ ಸಾಕು. ಬಣ್ಣಗಳನ್ನು ಜಾಸ್ತಿ ಬಿಡಿಸುವ ಫ್ಲಿಂಟ್ ಗಾಜಿನ ತಗ್ಗು ಲೆನ್ಸನ್ನು ಇದರ ಉಬ್ಬು ಲೆನ್ಸಿಗೆ ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಬಹುಪಾಲು ಕಳೆಯುತ್ತದೆ. ಲೆನ್ಸಿನ ಮೈಗೆ ಎಷ್ಟು ಬಾಗು ಕೊಡಬೇಕು ಎಂಬ ಲೆಕ್ಕ ನಿಂತಿರುವುದೇ ಆ ಸಣ್ಣ ವ್ಯತ್ಯಾಸಗಳ ಮೇಲೆ. ಬರೀ 1.5 ಅಂತ ಹಿಡಿದರೆ ಆ ಲೆಕ್ಕ ಶುರುವೇ ಆಗುವುದಿಲ್ಲ.