ಲಂಡನ್ ಥಿಯೇಟರಿನಲ್ಲಿ ಎದ್ದು ನಿಂತು ಚಪ್ಪಾಳೆ: ಯಾವಾಗ, ಯಾರಿಗೆ?

ನಮಸ್ಕಾರ. ಆಫೀಸಿನವರ ಜೊತೆ ಲಂಡನ್ನಿನ ಥಿಯೇಟರುಗಳ ಬಡಾವಣೆಯಾದ ವೆಸ್ಟ್ ಎಂಡ್‌ನಲ್ಲಿ ಮ್ಯೂಸಿಕಲ್, ಅಂದರೆ ಹಾಡು ಕುಣಿತದ ನಾಟಕ, ನೋಡಲು ಹೋದಾಗ ಕೊನೆಗೆ ಇಡೀ ಸಭೆ ಎದ್ದು ನಿಂತಿತು, ನೀವು ಮಾತ್ರ ಕೂತೇ ಚಪ್ಪಾಳೆ ತಟ್ಟಿದಿರಿ, ಅದು ಅಮರ್ಯಾದೆ ಆಯಿತೇ ಎಂದು ಕೇಳಿದ್ದೀರಿ. ಮುಂದಿನ ತಿಂಗಳು ಅತ್ತೆ ಮಾವ ಬರುತ್ತಾರೆ, ಮಾವನವರಿಗೆ ಮಂಡಿನೋವು, ಅವರನ್ನೂ ಎಬ್ಬಿಸಿ ನಿಲ್ಲಿಸಬೇಕೇ ಎಂದೂ ಬರೆದಿದ್ದೀರಿ. ಅಮರ್ಯಾದೆ ಖಂಡಿತ ಆಗಿಲ್ಲ, ಮಾವನವರನ್ನು ಎಬ್ಬಿಸಬೇಕಾಗಿಯೂ ಇಲ್ಲ. ಇಲ್ಲಿ ಚಪ್ಪಾಳೆ ಸೌಜನ್ಯ, ಎದ್ದು ನಿಲ್ಲುವುದು ಅವರವರ ಇಷ್ಟ. ಸೌಜನ್ಯ ತಪ್ಪುವುದು ಬೇರೆ ಕಡೆ. ನಟರು ಇನ್ನೂ ತಲೆಬಾಗಿ ನಮಸ್ಕರಿಸುತ್ತಿರುವಾಗಲೇ ಕೋಟು ಏರಿಸಿಕೊಂಡು, ಸಾಲಿನಲ್ಲಿ ಕೂತವರ ಮೊಣಕಾಲು ದಾಟಿಕೊಂಡು ಬಾಗಿಲಿಗೆ ಹೊರಡುತ್ತಾರಲ್ಲ, ಅದು ಇಲ್ಲಿ ನಿಜಕ್ಕೂ ಬೇಸರ ತರಿಸುತ್ತದೆ.

ನಮ್ಮವರು ಇದರಲ್ಲಿ ಎಡವಲು ಕಾರಣವಿದೆ. ಊರಲ್ಲಿ ಮಂಗಳ ಹಾಡುವ ಹೊತ್ತಿಗೆ ಅರ್ಧ ಸಭೆ ಚಪ್ಪಲಿ ಹುಡುಕುತ್ತಿರುತ್ತದೆ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಹವ್ಯಾಸಿ ತಂಡಗಳ ನಾಟಕವಾದರೆ ಮುಗಿದ ಮೇಲೆ ನಿರ್ದೇಶಕರೋ ಸಂಘಟಕರೋ ಮೈಕ್ ಹಿಡಿದು ರಂಗದ ಮೇಲೆ ಇದ್ದವರು, ಬೆಳಕು, ಪ್ರಸಾಧನ, ರಂಗಸಜ್ಜಿಕೆಯವರು ಎಂದು ಒಬ್ಬೊಬ್ಬರನ್ನೇ ಕರೆದು ಪರಿಚಯಿಸುತ್ತಾರೆ. ಇಲ್ಲಿ ಆ ಪರಿಚಯ ಇಲ್ಲ. ಹೆಸರುಗಳೆಲ್ಲ ಪ್ರೋಗ್ರಾಮ್ ಪುಸ್ತಕದಲ್ಲಿರುತ್ತವೆ, ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಇಡೀ ತಂಡಕ್ಕೆ ಪ್ರೇಕ್ಷಕರ ಕೃತಜ್ಞತೆ ಸಲ್ಲುವುದು ಕೊನೆಯ ಆ ಎರಡು ಮೂರು ನಿಮಿಷಗಳ ಕರ್ಟನ್ ಕಾಲ್‌ನಲ್ಲಿ, ಅಂದರೆ ನಟರು ಮತ್ತೆ ವೇದಿಕೆಗೆ ಬಂದು ನಮಸ್ಕರಿಸುವಾಗ ಮಾತ್ರ. ರೈಲಿನ ಚಿಂತೆಯಿದ್ದರೆ ಬಿಟ್ಟುಬಿಡಿ. ಸಂಜೆ 7:30ಕ್ಕೆ ಶುರುವಾದ ಆಟ 15-20 ನಿಮಿಷದ ಇಂಟರ್ವಲ್ ಸೇರಿ ಸಾಮಾನ್ಯವಾಗಿ ಹತ್ತು ಗಂಟೆಯ ಆಸುಪಾಸಿಗೆ ಮುಗಿಯುತ್ತದೆ, ಟ್ಯೂಬ್ ನಡುರಾತ್ರಿಯವರೆಗೂ ಓಡುತ್ತದೆ.

ಕರ್ಟನ್ ಕಾಲ್‌ಗೆ ಒಂದು ಕ್ರಮವಿದೆ. ಕೊನೆಯ ದೃಶ್ಯ ಮುಗಿದು ಕತ್ತಲಾಗುತ್ತದೆ. ಆಗ ತಕ್ಷಣ ಚಪ್ಪಾಳೆ ಶುರು ಮಾಡಬೇಡಿ. ದುರಂತ ನಾಟಕವಾಗಿದ್ದರೆ ಆ ಮೌನವನ್ನೂ ಬೆಳಕಿನ ವಿನ್ಯಾಸಕಾರರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ, ಇತರರು ತಟ್ಟುವವರೆಗೆ ಕಾಯುವುದೇ ಕ್ಷೇಮ. ದೀಪ ಹತ್ತಿದ ಮೇಲೆ ಮ್ಯೂಸಿಕಲ್‌ಗಳಲ್ಲಿ ಮೊದಲು ಗುಂಪಿನ ನರ್ತಕರು ಸಾಲಾಗಿ ಮುಂದೆ ಬಂದು ಬಾಗುತ್ತಾರೆ, ಆಮೇಲೆ ಸಣ್ಣ ಪಾತ್ರದವರು ಇಬ್ಬಿಬ್ಬರಾಗಿ, ಕೊನೆಗೆ ಮುಖ್ಯ ಪಾತ್ರಧಾರಿ. ಬಳಿಕ ಎಲ್ಲರೂ ಕೈಕೈ ಹಿಡಿದು ಒಟ್ಟಿಗೆ ಬಾಗುತ್ತಾರೆ. ಆಗ ಮುಖ್ಯ ನಟಿ ಕೈ ಚಾಚಿ ವೇದಿಕೆಯ ಕೆಳಗೆ ವಾದ್ಯದವರು ಕೂರುವ ತಗ್ಗು ಜಾಗವಾದ ಪಿಟ್ ತೋರಿಸುತ್ತಾಳೆ, ಅದು ಅವರಿಗೆ. ಸರಿಯಾಗಿ ನೋಡಿದರೆ ಅಲ್ಲಿಂದ ವಾದ್ಯದವರನ್ನು ನಡೆಸುವ ಕಂಡಕ್ಟರ್ ಕೈಯೆತ್ತುವುದು ಕಾಣುತ್ತದೆ. ಆಮೇಲೆ ಎಲ್ಲರೂ ಪ್ರೇಕ್ಷಕರ ತಲೆಯ ಮೇಲಿಂದ ಹಿಂದಕ್ಕೆ ಕೈ ತೋರುತ್ತಾರೆ. ಅದು ಹಿಂಬದಿಯಲ್ಲಿ ಕೂತು ಧ್ವನಿ, ಬೆಳಕು ನೋಡಿಕೊಂಡವರಿಗೆ. ಎಷ್ಟೋ ಜನ ಅದನ್ನು ತಮ್ಮ ಕಡೆಗೆ ಬೀಸಿದ ಟಾಟಾ ಎಂದುಕೊಂಡು ಚಪ್ಪಾಳೆ ನಿಲ್ಲಿಸಿಬಿಡುತ್ತಾರೆ. ಅಲ್ಲಿಯೇ ಇನ್ನಷ್ಟು ಜೋರಾಗಿ ತಟ್ಟಿ, ನಮ್ಮೂರಿನಲ್ಲಿ ಹೆಸರು ಕರೆದು ಸಲ್ಲಿಸುವ ಗೌರವ ಇಲ್ಲಿ ಆ ಕೈಸನ್ನೆಯಲ್ಲೇ ಮುಗಿಯುತ್ತದೆ. ಪರದೆ ಮತ್ತೆ ಏಳಬೇಕೇ ಬೇಡವೇ ಎಂದು ತೀರ್ಮಾನಿಸುವುದು ರಂಗದ ಪಕ್ಕದಲ್ಲಿರುವ ಸ್ಟೇಜ್ ಮ್ಯಾನೇಜರ್, ಚಪ್ಪಾಳೆಯ ಕಾವು ಕೇಳಿಸಿಕೊಂಡು. ಸಭಾಂಗಣದ ದೀಪ ಹತ್ತಿತೆಂದರೆ ಮುಗಿಯಿತು, ನೀವು ಹೊರಡಬಹುದು. ಮ್ಯೂಸಿಕಲ್‌ನಲ್ಲಿ ಆಮೇಲೂ ವಾದ್ಯದವರು ನುಡಿಸುತ್ತಿರುತ್ತಾರೆ. ನಿಂತು ಕೇಳಿ ಅವರಿಗೆ ಒಂದು ಸುತ್ತು ತಟ್ಟಿ ಹೋಗುವವರು ಈ ಕಲೆಯನ್ನು ಬಲ್ಲವರು.

ಹಾಗಾದರೆ ಅಂದು ಎಲ್ಲರೂ ಎದ್ದದ್ದೇಕೆ? ಅರ್ಧಕ್ಕರ್ಧ ಕಾರಣ ಕಣ್ಣಿಗೆ ಕಾಣಲಿ ಎಂಬುದು. ಮೊದಲ ಎರಡು ಸಾಲಿನವರು ಎದ್ದರೆ ಮೂರನೆಯ ಸಾಲಿಗೆ ಬೆನ್ನು ಮಾತ್ರ ಕಾಣುತ್ತದೆ, ಅವರೂ ಏಳುತ್ತಾರೆ, ಹೀಗೆ ಹಿಂದಿನ ಗೋಡೆಯವರೆಗೂ. ಮುಂದಿನಿಂದ ಹಿಂದಕ್ಕೆ ಅಲೆಯಾಗಿ ಎದ್ದರೆ ಅದು ಈ ಬಗೆಯದು. ಗುಂಪು ಬಾಗುವಾಗ ಕೂತಿದ್ದು ಮುಖ್ಯ ನಟಿ ಬಂದಾಗ ಅಲ್ಲಲ್ಲಿ ಎದ್ದರೆ ಅದು ಅವಳೊಬ್ಬಳಿಗೆ. ದೀಪ ಹತ್ತಿದೊಡನೆ ಮೇಲಿನ ಬಾಲ್ಕನಿ ಸೇರಿ ಎಲ್ಲ ಮಹಡಿಗಳಲ್ಲೂ ಒಮ್ಮೆಲೇ ಎದ್ದರೆ ಅದು ಇಡೀ ಆಟಕ್ಕೆ. ಅಂಥದ್ದನ್ನು ಒಮ್ಮೆ ಕಂಡರೆ ಉಳಿದವುಗಳ ಜೊತೆ ಕಲಸಿಕೊಳ್ಳುವುದಿಲ್ಲ. ವಿಮರ್ಶಕರನ್ನು ಕರೆಯುವ ಪ್ರೆಸ್ ನೈಟ್ ದಿನದ ಎದ್ದುನಿಲ್ಲುವಿಕೆಗೆ ತೂಕ ಕಡಿಮೆ. ಆ ದಿನ ಸಭೆಯಲ್ಲಿ ತಂಡದ ನೆಂಟರು, ಸ್ನೇಹಿತರು, ದುಡ್ಡು ಹಾಕಿದವರೇ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಸುತ್ತ ಯಾರೂ ಏಳದಿದ್ದರೂ ನೀವು ಏಳುತ್ತಿದ್ದಿರಾ? ಹೌದು ಎನ್ನಿಸಿದರೆ ಮಾತ್ರ ಎದ್ದು ನಿಲ್ಲಿ. ಪ್ರತಿ ಆಟಕ್ಕೂ ಎದ್ದರೆ, ಎರಡೂವರೆ ಗಂಟೆ ವೇದಿಕೆ ಬಿಡದೆ ದುಡಿದು ನಿಮ್ಮನ್ನು ಅಲುಗಾಡಿಸಿದ ನಟನಿಗೆ ಕೊಡಲು ಬೇರೇನೂ ಉಳಿಯುವುದಿಲ್ಲ. ನಾನಾದರೆ ಖಂಡಿತ ಎದ್ದು ನಿಲ್ಲುವ ಸಂದರ್ಭ ಒಂದಿದೆ. ಒಳಗೆ ಹೋಗುವಾಗ ಬಾಗಿಲ ಬಳಿಯ ಹಜಾರದಲ್ಲಿ (ಫೊಯರ್) ಇಟ್ಟ ಫಲಕ ಓದಿ. ಇಂದು ಇಂಥ ಪಾತ್ರವನ್ನು ಇಂಥವರು ಮಾಡುತ್ತಿದ್ದಾರೆ ಎಂದಿದ್ದರೆ ಅವರು ಅಂಡರ್‌ಸ್ಟಡಿ, ಅಂದರೆ ಬದಲಿ ನಟ. ಎಷ್ಟೋ ಸಲ ಮುಖ್ಯ ನಟನಿಗೆ ಜ್ವರ ಬಂದಿದೆ ಎಂದು ಅದೇ ದಿನ ತಿಳಿದು, ತನ್ನ ಸಣ್ಣ ಪಾತ್ರ ಬಿಟ್ಟು ದೊಡ್ಡ ಪಾತ್ರವನ್ನು ಹೊತ್ತು ದಡ ಮುಟ್ಟಿಸಿದವರು. ಟಿಕೆಟ್ ದುಡ್ಡು ಹೋಯಿತು ಎಂದು ಗೊಣಗುವ ಬದಲು ಅವರಿಗೆ ಎದ್ದು ತಟ್ಟಿ.

ಆಟದ ನಡುವೆ ಮಾತ್ರ ಏಳಬೇಡಿ, ಹಾಡು ಎಷ್ಟೇ ಮೈನವಿರೇಳಿಸಲಿ. ಕಂಡಕ್ಟರ್ ನಿಮ್ಮ ಚಪ್ಪಾಳೆ ಇಳಿಯುವುದನ್ನು ಕಾದು ಮುಂದಿನ ಸ್ವರ ಎತ್ತಬೇಕು. ನೀವು ನಿಂತರೆ ಹಿಂದಿನವರು ಮುಂದಿನ ದೃಶ್ಯದ ಆರಂಭ ಕಳೆದುಕೊಳ್ಳುತ್ತಾರೆ. ಕಂಪನಿ ನಾಟಕದ ‘ಒನ್ಸ್ ಮೋರ್’ ಇಲ್ಲಿ ನಡೆಯದು. ಅಲ್ಲಿ ಹಾರ್ಮೋನಿಯಂ ಮೇಷ್ಟ್ರು ಮತ್ತೆ ಪಲ್ಲವಿ ಎತ್ತುತ್ತಿದ್ದರು, ಇಲ್ಲಿ ಬೆಳಕು, ಯಂತ್ರ, ಸಂಗೀತ ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡು ಓಡುತ್ತವೆ.

ಬಾಲ್ಕನಿಯಲ್ಲಿ ಕೂತಿದ್ದರೆ ಇನ್ನೊಂದು ಎಚ್ಚರ. ಹಳೆಯ ಥಿಯೇಟರುಗಳಲ್ಲಿ ಮೇಲಿನ ಮಹಡಿ ತುಂಬಾ ಕಡಿದಾಗಿರುತ್ತದೆ, ನೋಟಕ್ಕೆ ಅಡ್ಡ ಬರದಿರಲೆಂದು ಮುಂದಿನ ಕಟಕಟೆ ತಗ್ಗಾಗಿರುತ್ತದೆ. ನಿಂತರೆ ಅದು ತೊಡೆಯ ಮಟ್ಟಕ್ಕೂ ಬಾರದೇ ಇರಬಹುದು. ಮೊದಲ ಸಾಲಿನಲ್ಲಿದ್ದರೆ ಕೂತೇ ತಟ್ಟಿ. ಕಟಕಟೆಯ ಮೇಲೆ ಫೋನು, ಪರ್ಸು, ನೀರಿನ ಬಾಟಲಿ ಇಡಬೇಡಿ. ಕೈ ಬೀಸುವ ಹುರುಪಿನಲ್ಲಿ ಅದು ಕೆಳಗಿನವರ ತಲೆಯ ಮೇಲೆ ಬೀಳುತ್ತದೆ. ಸೀಟು ತಾನಾಗಿ ಮಡಚಿಕೊಳ್ಳುವ ಬಗೆಯದಾದರೆ ಮತ್ತೆ ಕೂರುವ ಮೊದಲು ಕೈಯಿಂದ ಒತ್ತಿ ನೋಡಿ.

ಎಲ್ಲ ಜಾಗಕ್ಕೂ ಒಂದೇ ನಿಯಮ ಇಲ್ಲ. ಮಮ್ಮಾ ಮಿಯಾದಂಥ ಆಟದಲ್ಲಿ ನಮಸ್ಕಾರವಾದ ಮೇಲೆ ಮಿಂಚುವ ಉಡುಪಿನಲ್ಲಿ ಮತ್ತೆ ಬಂದು ಹಾಡುತ್ತಾರೆ. ಅಲ್ಲಿ ಎದ್ದು ಕುಣಿಯುವುದು ಆಟದ ಭಾಗವೇ, ಅದನ್ನು ಮೆಚ್ಚುಗೆಯ ಅಳತೆಗೋಲು ಎಂದುಕೊಳ್ಳಬೇಡಿ. 1952ರಿಂದ ಆಡುತ್ತಿರುವ ಕೊಲೆ ರಹಸ್ಯದ ನಾಟಕ ಮೌಸ್‌ಟ್ರ್ಯಾಪ್‌ನಲ್ಲಿ ಚಪ್ಪಾಳೆಯ ನಡುವೆ ಒಬ್ಬ ನಟ ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಕೇಳಿಕೊಳ್ಳುತ್ತಾನೆ, ಬೇಗ ಎದ್ದವರಿಗೆ ಅದು ತಪ್ಪುತ್ತದೆ. ಥೇಮ್ಸ್ ದಂಡೆಯ, ಶೇಕ್ಸ್‌ಪಿಯರ್ ಕಾಲದ ಮಾದರಿಯ ಗ್ಲೋಬ್ ಥಿಯೇಟರಿನಲ್ಲಿ ನಡುವಿನ ಅಂಗಳದ ಟಿಕೆಟ್ ಅಗ್ಗ, ಆದರೆ ಅಲ್ಲಿ ಕೂರಲು ಜಾಗವೇ ಇಲ್ಲ, ಪೂರ್ತಿ ನಾಟಕ ನಿಂತೇ ನೋಡಬೇಕು. ಎದ್ದು ನಿಲ್ಲುವ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ. ಕೊನೆಯಲ್ಲಿ ನಟರೆಲ್ಲ ಸೇರಿ ಕುಣಿಯುವ ಜಿಗ್ ಇರುತ್ತದೆ, ಅದರ ತಾಳಕ್ಕೆ ತಟ್ಟುತ್ತಾರೆ.

ಕೋವೆಂಟ್ ಗಾರ್ಡನ್‌ನ ರಾಯಲ್ ಒಪೆರಾ ಹೌಸ್‌ನಲ್ಲಿ ಕೂತೇ ಬಹಳ ಹೊತ್ತು ತಟ್ಟುವವರು ಹೆಚ್ಚು. ಮುಖ್ಯ ಗಾಯಕರು, ನರ್ತಕರು ಕೆಂಪು ಪರದೆಯ ಮುಂದೆ ಒಬ್ಬೊಬ್ಬರಾಗಿ ಬರುತ್ತಾರೆ, ಆದ್ದರಿಂದ ಅಲ್ಲಿ ಚಪ್ಪಾಳೆಗೆ ಇನ್ನಷ್ಟು ಸಮಯ ಇಟ್ಟುಕೊಳ್ಳಿ. ಬ್ಯಾಲೆಯಲ್ಲಿ ಒಂದು ಕಠಿಣ ನೃತ್ಯ ಮುಗಿದಾಗ ನಡುವೆಯೂ ಚಪ್ಪಾಳೆ ಸಲ್ಲುತ್ತದೆ. ಒಪೆರಾದ ಮೊದಲ ರಾತ್ರಿ ನಿರ್ದೇಶಕ, ವಿನ್ಯಾಸಕಾರರು ವೇದಿಕೆಗೆ ಬಂದಾಗ ‘ಬೂ’ ಎಂಬ ಕೂಗು ಕೇಳಿದರೆ ಗಾಬರಿ ಬೇಡ, ಅದು ನಿರ್ಮಾಣಕ್ಕೆ, ಹಾಡಿದವರಿಗಲ್ಲ. ಕ್ರಿಸ್‌ಮಸ್ ಕಾಲದಲ್ಲಿ ಆಡುವ ಮಕ್ಕಳ ಹಾಸ್ಯ ನಾಟಕ ಪ್ಯಾಂಟೊಮೈಮ್‌ನಲ್ಲಂತೂ ಖಳನಿಗೆ ಮಕ್ಕಳು ಮನಸಾರೆ ಕೂಗುವ ‘ಬೂ’ ಅವನಿಗೆ ಸಿಗುವ ದೊಡ್ಡ ಬಹುಮಾನ. ಹ್ಯಾಂಡಲ್ ರಚಿಸಿದ ಮೆಸ್ಸಾಯಾ ಎಂಬ ಸಂಗೀತ ಕೃತಿ ಕೇಳಲು ಹೋದರೆ ಹಲ್ಲೆಲೂಯಾ ಭಾಗ ಶುರುವಾಗುವಾಗಲೇ ಜನ ಏಳುವುದನ್ನು ಕಾಣುತ್ತೀರಿ. ಆ ಭಾಗ ಕೇಳಿ ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆ ಎದ್ದ ಎಂಬ ಕಥೆಯಿಂದ ಬಂದ ರೂಢಿ ಅದು. ಕಥೆಗೆ ಗಟ್ಟಿ ಆಧಾರವಿಲ್ಲ, ರೂಢಿ ಉಳಿದಿದೆ. ಸಂಕೇತ ಭಾಷೆಯ ಅನುವಾದವಿರುವ ಪ್ರದರ್ಶನಗಳಲ್ಲಿ ಎರಡೂ ಕೈ ಮೇಲೆತ್ತಿ ಅಂಗೈ ಅಲುಗಿಸುವುದು ಕಿವಿ ಕೇಳದವರ ಚಪ್ಪಾಳೆ, ನೀವೂ ಸೇರಿಕೊಳ್ಳಿ.

ಬೇರೆ ಊರಿಗೆ ಹೋದರೆ ಲೆಕ್ಕ ಬೇರೆ. ನ್ಯೂಯಾರ್ಕಿನಲ್ಲಿ ಹೆಸರಾಂತ ನಟ ಮೊದಲ ಬಾರಿ ಕಾಣಿಸಿಕೊಂಡಾಗಲೇ ಚಪ್ಪಾಳೆ ಬೀಳುತ್ತದೆ, ಕೊನೆಗೆ ಏಳುವುದು ಹೆಚ್ಚುಕಡಿಮೆ ದಿನಚರಿ. ನೆದರ್‌ಲ್ಯಾಂಡ್ಸ್‌ನಲ್ಲೂ ಹಾಗೆಯೇ ಏಳುತ್ತಾರೆ. ಜರ್ಮನಿಯಲ್ಲಿ ಕೂತಲ್ಲೇ ಬಹಳ ಹೊತ್ತು ತಟ್ಟಿ ನಟರನ್ನು ಮತ್ತೆ ಮತ್ತೆ ಕರೆಸುತ್ತಾರೆ, ತುಂಬ ಮೆಚ್ಚಿದರೆ ನೆಲಕ್ಕೆ ಕಾಲು ಬಡಿಯುವುದೂ ಉಂಟು.

ಇನ್ನು ಮಾವನವರ ವಿಷಯ. ಅವರು ಕೂತೇ ನಮಸ್ಕಾರ ನೋಡಬೇಕಾದರೆ ಡ್ರೆಸ್ ಸರ್ಕಲ್ ಎನ್ನುವ ಮೊದಲ ಬಾಲ್ಕನಿಯ ಮುಂದಿನ ಸಾಲು ಒಳ್ಳೆಯದು, ಮುಂದೆ ಏಳುವವರೇ ಇರುವುದಿಲ್ಲ. ಆದರೆ ಕೆಲವು ಕಡೆ ಆ ಸಾಲಿನಲ್ಲಿ ಕಾಲು ಚಾಚಲು ಜಾಗ ಕಡಿಮೆ, ಆದ್ದರಿಂದ ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ. ಈ ಕಟ್ಟಡಗಳಲ್ಲಿ ಬಹಳಷ್ಟು ನೂರು ವರ್ಷಕ್ಕೂ ಹಳೆಯವು, ಲಿಫ್ಟ್ ಇರುವುದು ಅಪರೂಪ. ಹಲವು ಕಡೆ ಸ್ಟಾಲ್ಸ್, ಅಂದರೆ ವೇದಿಕೆಯ ಮುಂದಿನ ಕೆಳಮಹಡಿಯ ಸೀಟುಗಳು, ರಸ್ತೆಗಿಂತ ಕೆಳಗಿದ್ದು, ಡ್ರೆಸ್ ಸರ್ಕಲ್ಲೇ ರಸ್ತೆಯ ಮಟ್ಟಕ್ಕೆ ಹತ್ತಿರ ಇರುತ್ತದೆ. ನಕ್ಷೆ ನೋಡಿ ಕೆಳಗಿನದೇ ಸುಲಭ ಎಂದುಕೊಂಡು ಬುಕ್ ಮಾಡಿದರೆ ಮಂಡಿನೋವಿನವರು ಮೆಟ್ಟಿಲಿಳಿದು ಸುಸ್ತಾಗುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ನಡೆಯಲು ಕಷ್ಟವಿರುವವರಿಗಾಗಿ ಇರುವ ಥಿಯೇಟರಿನ ಆಕ್ಸೆಸ್ ಬುಕಿಂಗ್ ನಂಬರಿಗೆ ಫೋನ್ ಮಾಡಿ, ಬಾಗಿಲಿನಿಂದ ಸೀಟಿಗೆ ಎಷ್ಟು ಮೆಟ್ಟಿಲು, ಟಾಯ್ಲೆಟ್ ಯಾವ ಮಹಡಿಯಲ್ಲಿ ಎಂದು ಕೇಳಿ. ಆಟ ಮುಗಿದ ಮೇಲೆ ಜನ ಖಾಲಿಯಾಗುವವರೆಗೆ ಐದು ನಿಮಿಷ ಕೂತಿರಲು ಬಿಡುತ್ತೀರಾ ಎಂದೂ ಅಟೆಂಡರ್‌ರನ್ನು ಮೊದಲೇ ಕೇಳಿಡಿ.